ಬಿಳಿ ತೊಗರಿ ಬಿತ್ತಿದರೆ ಕೆಂಪು ಹೇಗೆ ಬಂತು?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಎರೆ ಹೊಲ. ಅಪ್ಪ ಮೊದಲಿಂದ ಬಿಳಿ ತೊಗರಿನೇ ಬಿತ್ತುತ್ತಾರೆ. ಬೀಜ ಹೊರಗಿಂದ ತರೋದಿಲ್ಲ, ರಾಶಿಯಲ್ಲೇ ತೆಗೆದಿಡುತ್ತೇವೆ. ಹೋದ ವರ್ಷ ನಾನು, ಅವ್ವ ಕೂತು ಬೀಜದ ಕಾಳು ಒಂದೊಂದೇ ಆರಿಸಿದ್ವಿ. ಕೆಂಪು ಕಾಳು ಒಂದೂ ಬಿಟ್ಟಿರಲಿಲ್ಲ. ಆದರೂ ಈ ಸಲ ಬಿತ್ತಿದ ಸಾಲಿನಲ್ಲೇ, ಬಿಳಿ ಗಿಡಗಳ ಮಧ್ಯೆ ಕೆಂಪು ಕಾಳಿನ ಗಿಡ ಬಂದವು. ಎರಡು ಸಾಲಿನಲ್ಲಿ 240 ಗಿಡ ಎಣಿಸಿದೆ, 31 ಗಿಡ ಕೆಂಪು. ಕೆಂಪು ಗಿಡದಲ್ಲಿ ಅಷ್ಟೂ ಕಾಳು ಕೆಂಪು, ಬಿಳಿ ಗಿಡದಲ್ಲಿ ಅಷ್ಟೂ ಬಿಳಿ. ಬದುವಿನ ಆಚೆ ಕಾಕಾನ ಹೊಲ, ಅಲ್ಲಿ ಕೆಂಪು ತೊಗರಿ ಇದೆ. "ಬೀಜ ಹಳತಾಗಿ ಜಾತಿ ಕೆಟ್ಟಿದೆ" ಅಂತ ಅಪ್ಪ, "ಗೊಬ್ಬರ ಬದಲಿಸಿದ್ದಕ್ಕೆ ಹಿಂಗಾಗಿದೆ" ಅಂತ ಕಾಕಾ. ಪಿಯುಸಿಯಲ್ಲಿ ಮೆಂಡಲ್‌ನ 3:1 (ಒಂದು ಗುಣ ಮೂರು ಪಾಲು, ಇನ್ನೊಂದು ಒಂದು ಪಾಲು) ಓದಿದ್ದೆ, ಆ ಲೆಕ್ಕ ಇಲ್ಲಿ ಎಲ್ಲೂ ಕೂಡುತ್ತಿಲ್ಲ. ಕೆಂಪು ಗಿಡಗಳಲ್ಲಿ ಒಂದು, ಸುತ್ತಲಿನವು ನೆಟೆ ರೋಗಕ್ಕೆ ಒಣಗಿದರೂ ಹಸಿರಾಗೇ ನಿಂತಿತ್ತು. ಕಾಳೂ ದಪ್ಪ. ಅದರ ಬೀಜ ಬೇರೆ ಇಟ್ಟಿದ್ದೇನೆ. ಬಿತ್ತಿದರೆ ಏನು ಬರುತ್ತದೆ ಅಂತ ಮೊದಲೇ ಹೇಳಬಹುದಾ ಸರ್? ಹೈಬ್ರಿಡ್ ತೊಗರಿ ತಂದು ಅದರ ಕಾಳನ್ನೇ ಮರುವರ್ಷ ಬಿತ್ತಬಹುದು ಅಂತ ಒಬ್ಬರು ಹೇಳಿದರು. ಅದು ಹೌದಾ?

ಉತ್ತರ: ತಂಗಿ, ನೀವು ಗಿಡ ಎಣಿಸಿ ಬರೆದಿರಿ, ಅದಕ್ಕೆ ಬಹಳ ಖುಷಿಯಾಯಿತು. ತಳಿ ಅಭಿವೃದ್ಧಿ ಕೆಲಸದಲ್ಲಿ ನಮಗೆ ಬರುವ ದೂರುಗಳಲ್ಲಿ "ಬೀಜ ಕಲಬೆರಕೆ ಆಗಿದೆ" ಅನ್ನುವುದೇ ಜಾಸ್ತಿ. ಎಷ್ಟು ಗಿಡ, ಯಾವ ಸಾಲು, ಒಂದೇ ಗಿಡದಲ್ಲಿ ಎರಡು ಬಣ್ಣ ಇತ್ತಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ. "ಕೆಂಪು ಗಿಡದಲ್ಲಿ ಅಷ್ಟೂ ಕೆಂಪು, ಬಿಳಿ ಗಿಡದಲ್ಲಿ ಅಷ್ಟೂ ಬಿಳಿ" ಅಂತ ನೀವು ಬರೆದ ಆ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ.

ನಿಮ್ಮ ಚಿಂತೆ ಇಷ್ಟು: ಕಣ್ಣಿಗೆ ಕಂಡ ಕೆಂಪು ಕಾಳನ್ನೆಲ್ಲ ತೆಗೆದ ಮೇಲೂ ಕೆಂಪು ಎಲ್ಲಿಂದ ಬಂತು? ಬಂದಿದ್ದು ಹೋಗುತ್ತದಾ, ಇನ್ನೂ ಹೆಚ್ಚುತ್ತದಾ? ಆ ಒಳ್ಳೆ ಗಿಡವನ್ನು ಉಳಿಸಿಕೊಳ್ಳಬಹುದಾ?

ಮೊದಲು ಗೊಬ್ಬರದ ಮಾತು. ಗೊಬ್ಬರ, ಮಣ್ಣು, ಮಳೆಯಿಂದ ಕಾಳಿನ ಹೊಳಪು ಬದಲಾಗುತ್ತದೆ, ಇಲ್ಲ ಅಂತಲ್ಲ. ಕಾಯಿ ಬಲಿತ ಮೇಲೆ ಮಳೆ ಹೊಡೆದರೆ ಬಿಳಿ ಕಾಳು ಮಂಕಾಗುತ್ತದೆ. ಆದರೆ ಅದು ಒಂದು ಜಾಗದ ಎಲ್ಲ ಗಿಡಕ್ಕೂ ಆಗಬೇಕು. ನಿಮ್ಮ ಸಾಲಿನಲ್ಲಿ ಅಪ್ಪಟ ಕೆಂಪು ಗಿಡದ ಎರಡೂ ಪಕ್ಕ ಅಪ್ಪಟ ಬಿಳಿ ಗಿಡ ನಿಂತಿವೆ. ಮೂರೂ ಗಿಡ ಉಂಡದ್ದು ಒಂದೇ ಗೊಬ್ಬರ, ಅಲ್ವಾ? ಹಾಗಾಗಿ ಅದು ಕಾರಣ ಅಲ್ಲ.

ಹೋದ ವರ್ಷ ನೆಲಕ್ಕೆ ಉದುರಿದ ಕೆಂಪು ಕಾಳು ತಾನೇ ಹುಟ್ಟಿರಬಹುದು ಅನ್ನುವ ಅನುಮಾನ ಸರಿಯಾದದ್ದೇ. ಆದರೆ ಹಾಗೆ ಹುಟ್ಟಿದವು ಸಾಲು ಬಿಟ್ಟು ಅಲ್ಲೊಂದು ಇಲ್ಲೊಂದು ಇರುತ್ತವೆ. ನಿಮ್ಮವು ಬಿತ್ತಿದ ಸಾಲಿನಲ್ಲೇ ಇವೆ. ಅಂದರೆ ಈ ಕೆಂಪು ಗಿಡಗಳು ಹುಟ್ಟಿದ್ದು ನೀವು, ನಿಮ್ಮ ಅವ್ವ ಆರಿಸಿದ ಬಿಳಿ ಕಾಳಿನಿಂದಲೇ.

ಅದು ಹೇಗೆ ಅಂತ ನೋಡಬೇಕಾದರೆ ಇವತ್ತು ರಾತ್ರಿ ನಾಲ್ಕು ತೊಗರಿ ಕಾಳು ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಬರುತ್ತದೆ. ಒಳಗೆ ಎರಡು ಹೋಳು ಬೇಳೆ, ಅವುಗಳ ಅಂಚಿನಲ್ಲಿ ಸಣ್ಣ ಮೊಳಕೆ. ಬೇಳೆ ಮತ್ತು ಮೊಳಕೆ ಹೊಸ ಗಿಡದ್ದು, ಅಂದರೆ ಮಗುವಿನದು. ತಾಯಿಯ ಅರ್ಧ, ಪರಾಗ ಕೊಟ್ಟ ತಂದೆಯ ಅರ್ಧ ಅದರಲ್ಲಿರುತ್ತದೆ. ಹೊರಗಿನ ಸಿಪ್ಪೆ ಹಾಗಲ್ಲ. ಅದು ಪೂರ್ತಿ ತಾಯಿ ಗಿಡದ್ದೇ. ಪರಾಗ ಯಾವ ಹೊಲದಿಂದ ಬಂದರೂ ಆ ವರ್ಷದ ಸಿಪ್ಪೆಗೆ ಅದರ ಸುಳಿವೇ ತಟ್ಟುವುದಿಲ್ಲ. ಅವ್ವ ಹೊಲಿದ ಕೌದಿ ನೋಡಿ, ಒಳಗೆ ಮಲಗಿದ ಕೂಸು ಕಪ್ಪೋ ಬೆಳ್ಳಗೋ ಅಂತ ಹೇಳಲು ಆಗುತ್ತದಾ? ಕಾಳಿನ ಬಣ್ಣ ನೋಡಿ ಬೀಜ ಆರಿಸುವುದೂ ಹಾಗೇ. ನೀವು ಆರಿಸಿದ್ದು ತಾಯಿಯನ್ನು. ಮಗು ಹೇಗಿದೆ ಅಂತ ಗೊತ್ತಾಗುವುದು ಅದು ಗಿಡವಾಗಿ ತನ್ನ ಕಾಯಿ ಕಟ್ಟಿದಾಗ. ಒಂದೇ ಗಿಡದಲ್ಲಿ ಎರಡು ಬಣ್ಣ ಕಾಣದೇ ಇರುವುದಕ್ಕೂ ಇದೇ ಕಾರಣ.

ಮೆಕ್ಕೆಜೋಳದಲ್ಲಿ ಹೀಗಲ್ಲ. ಒಂದೇ ತೆನೆಯಲ್ಲಿ ಹಳದಿ, ಬಿಳಿ, ನೇರಳೆ ಕಾಳು ಬೆರೆತಿರುವುದನ್ನು ನೋಡಿರಬಹುದು. ಅಲ್ಲಿ ನಮಗೆ ಕಾಣುವ ಬಣ್ಣ ಕಾಳಿನ ಒಳಭಾಗದ್ದು, ಅದಕ್ಕೆ ತಂದೆಯ ಪಾಲೂ ಇದೆ. ಬೇರೆ ಹೊಲದ ಪರಾಗ ಬಿದ್ದರೆ ಅದೇ ವರ್ಷ ತೆನೆಯಲ್ಲೇ ಕಾಣುತ್ತದೆ. ತೊಗರಿಯಲ್ಲಿ ಒಂದು ವರ್ಷ ತಡ.

ಈ ತಡ ಮೆಂಡಲ್‌ಗೂ ಗೊತ್ತಿತ್ತು. 1866ರಲ್ಲಿ ಅವನು ಅಚ್ಚು ಹಾಕಿಸಿದ ಬಟಾಣಿ ಪ್ರಯೋಗದಲ್ಲಿ ಎರಡೂ ಬಗೆಯ ಗುಣ ಇವೆ. ಕಾಳು ಗುಂಡಗಿದೆಯೋ ಸುಕ್ಕಾಗಿದೆಯೋ ಅನ್ನುವುದು ಒಳಗಿನ ಬೇಳೆಯ ಗುಣ. ಅದನ್ನು ಎರಡು ಬಗೆ ಕೂಡಿಸಿ ಪಡೆದ ಮಿಶ್ರ ಗಿಡದ ಕಾಯಿ ಬಿಡಿಸಿದ ಕೂಡಲೇ ಎಣಿಸಿದ: 5,474 ಗುಂಡು, 1,850 ಸುಕ್ಕು. ಸಿಪ್ಪೆಯ ಬಣ್ಣಕ್ಕೆ ಮಾತ್ರ ಆ ಕಾಳುಗಳನ್ನು ಮತ್ತೆ ಬಿತ್ತಿ, ಗಿಡ ಬೆಳೆಸಿ, ಅವುಗಳ ಕಾಳು ನೋಡಬೇಕಾಯಿತು. ಅಲ್ಲಿ ಅವನು ಎಣಿಸಿದ್ದು ಗಿಡಗಳನ್ನು: 705 ಬಣ್ಣದ ಸಿಪ್ಪೆಯವು, 224 ಬಿಳಿ ಸಿಪ್ಪೆಯವು. ಪಠ್ಯದಲ್ಲಿ ಎರಡಕ್ಕೂ 3:1 ಅಂತ ಒಂದೇ ಪಟ್ಟಿಯಲ್ಲಿ ಹಾಕಿಬಿಡುತ್ತಾರೆ. ಒಂದರಲ್ಲಿ ಎಣಿಸಿದ್ದು ಕಾಳು, ಇನ್ನೊಂದರಲ್ಲಿ ಗಿಡ ಅನ್ನುವ ಮಾತು ಬಿಟ್ಟುಹೋಗುತ್ತದೆ.

ಹಾಗಾದರೆ ನಿಮ್ಮ ಹೊಲದಲ್ಲಿ ಆಗಿದ್ದೇನು? ತೊಗರಿ ಹೂವು ಮೊಗ್ಗಿನಲ್ಲೇ ತನ್ನ ಪರಾಗ ತಾನು ಬಿಚ್ಚಿಕೊಳ್ಳುತ್ತದೆ, ದುಂಬಿ ಬರದಿದ್ದರೂ ಕಾಯಿ ಕಟ್ಟುತ್ತದೆ. ಆದರೆ ಹೂವು ದೊಡ್ಡದು, ಹಳದಿ, ಮಕರಂದ ಚೆನ್ನಾಗಿದೆ. ಹೆಜ್ಜೇನು, ದೊಡ್ಡ ಕಪ್ಪು ದುಂಬಿ, ಎಲೆ ಕತ್ತರಿಸುವ ಜೇನು ಎಲ್ಲ ಬರುತ್ತವೆ. ಅವಕ್ಕೆ ಬದು ಗಿದು ಲೆಕ್ಕವಿಲ್ಲ. ಹಾಗಾಗಿ ಒಂದಷ್ಟು ಕಾಳಿಗೆ ಪಕ್ಕದ ಗಿಡದ ಪರಾಗ ಬಿದ್ದಿರುತ್ತದೆ. ಎಷ್ಟು ಅನ್ನುವುದು ಜೇನಿನ ಮೇಲೆ, ಗಾಳಿಯ ಮೇಲೆ, ಎರಡು ಹೊಲ ಒಟ್ಟಿಗೆ ಹೂ ಬಿಟ್ಟವಾ ಇಲ್ಲವಾ ಅನ್ನುವುದರ ಮೇಲೆ ನಿಂತಿದೆ. ನೂರಕ್ಕೆ ಇಪ್ಪತ್ತು, ಮೂವತ್ತು ಅಂದರೆ ನಮಗೆ ಆಶ್ಚರ್ಯವಿಲ್ಲ. ಕೆಲವೆಡೆ ಇನ್ನೂ ಜಾಸ್ತಿ.

ಈಗ ಸಣ್ಣ ಲೆಕ್ಕ. ಕೆಂಪು ಬಣ್ಣ ಕೊಡುವ ಜೀನಿಗೆ 'ಕ', ಬಿಳಿಗೆ 'ಬ' ಅಂತ ಇಟ್ಟುಕೊಳ್ಳಿ. ಪ್ರತಿ ಗಿಡದಲ್ಲೂ ಎರಡೆರಡು, ತಾಯಿಯಿಂದ ಒಂದು, ತಂದೆಯಿಂದ ಒಂದು. ತೊಗರಿಯಲ್ಲಿ ಬಣ್ಣದ ಸಿಪ್ಪೆ ಸಾಮಾನ್ಯವಾಗಿ ಬಿಳಿಯ ಮೇಲೆ ಪ್ರಬಲ. ಒಂದೇ ಒಂದು 'ಕ' ಇದ್ದರೂ ಗಿಡದ ಕಾಳು ಕೆಂಪು. ಬಿಳಿ ಕಾಣಬೇಕಾದರೆ ಎರಡೂ 'ಬ' ಆಗಿರಬೇಕು. ನಿಮ್ಮ ಅಪ್ಪನ ಗಿಡಗಳು 'ಬಬ'. ಕಾಕಾನವು 'ಕಕ'.

ಹೋದ ವರ್ಷ ಅಕ್ಟೋಬರ್, ನವೆಂಬರ್‌ನಲ್ಲಿ ನಿಮ್ಮ 'ಬಬ' ಗಿಡದ ಹೂವಿಗೆ ಕಾಕಾನ ಹೊಲದ 'ಕ' ಪರಾಗ ಬಿತ್ತು. ಕಾಳು ಕಟ್ಟಿತು. ಸಿಪ್ಪೆ ತಾಯಿಯದು, ಬಿಳಿ. ಒಳಗಿನ ಮಗು 'ಕಬ'. ಅದನ್ನು ನೀವು ಬಿಳಿ ಅಂತ ಆರಿಸಿ ಬಿತ್ತಿದಿರಿ. ಈ ವರ್ಷ ಆ 'ಕಬ' ಗಿಡವಾಗಿ ತನ್ನದೇ ಸಿಪ್ಪೆ ಹೊದಿಸಿತು. ಕೆಂಪು ಬಂತು.

ನಿಮ್ಮ 31 ಮತ್ತು 240, ಅಂದರೆ ನೂರಕ್ಕೆ ಸುಮಾರು 13. ಇದು 3:1 ಆಗಬೇಕಿರಲಿಲ್ಲ. 3:1 ಬರುವುದು ಮಿಶ್ರ ಗಿಡಗಳ ಮಕ್ಕಳಲ್ಲಿ. ಈ ವರ್ಷದ ಗಿಡಗಳ ತಾಯಂದಿರೆಲ್ಲ ಅಪ್ಪಟ ಬಿಳಿ. ನೀವು ಎಣಿಸಿದ್ದು ಜೇನು ಮಾಡಿದ ಕೆಲಸವನ್ನು. ಅದೂ ಪೂರ್ತಿ ಅಲ್ಲ. ಒಂದು ಬಿಳಿ ಗಿಡದಿಂದ ಇನ್ನೊಂದು ಬಿಳಿ ಗಿಡಕ್ಕೆ ಒಯ್ದ ಪರಾಗ ನಿಮ್ಮ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನಿಜವಾದ ಅಡ್ಡ ಪರಾಗಸ್ಪರ್ಶ 13ಕ್ಕಿಂತ ಹೆಚ್ಚೇ ಇದೆ. ಹೋದ ವರ್ಷ ಬೀಜಕ್ಕೆ ತೆಗೆದ ರಾಶಿ ಬದುವಿನ ಕಡೆಯದಾ ಅಂತ ಅಪ್ಪನನ್ನು ಕೇಳಿ. ಹೌದು ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಬಟಾಣಿ ಹೂವಿಗೆ ಜೇನಿನ ಕಾಟ ಬಹಳ ಕಡಿಮೆ. ಮೆಂಡಲ್‌ನ ಲೆಕ್ಕ ಅಷ್ಟು ಚೊಕ್ಕವಾಗಿ ಬರಲು ಅದೂ ಒಂದು ಕಾರಣ. ನಮ್ಮ ತೊಗರಿಯಲ್ಲಿ, ತಾಯಿ ತಂದೆಯ ಜೀನು ಕೂಡಿಸಿ ನೋಡುವ ಪುಸ್ತಕದ ಚೌಕ ಬರೆದ ಮೇಲೆ ಜೇನಿನ ಪಾಲನ್ನೂ ಸೇರಿಸಬೇಕು. ನಿಮ್ಮ ಕೆಂಪು ಗಿಡಗಳ ಕಾಳು ಬಿತ್ತಿದರೆ ಏನಾಗುತ್ತದೆ ಅನ್ನುವುದನ್ನೇ ಹಾಗೆ ಹಾಕೋಣ. ಗಿಡ 'ಕಬ', ತನ್ನ ಪರಾಗದಿಂದ ತಾನೇ ಕಾಳು ಕಟ್ಟಿದರೆ:

ತಾಯಿಯಿಂದ ಕ, ತಂದೆಯಿಂದ ಕ: ಕಕ, ಕೆಂಪು
ತಾಯಿಯಿಂದ ಕ, ತಂದೆಯಿಂದ ಬ: ಕಬ, ಕೆಂಪು
ತಾಯಿಯಿಂದ ಬ, ತಂದೆಯಿಂದ ಕ: ಕಬ, ಕೆಂಪು
ತಾಯಿಯಿಂದ ಬ, ತಂದೆಯಿಂದ ಬ: ಬಬ, ಬಿಳಿ

ನಾಲ್ಕರಲ್ಲಿ ಒಂದು ಬಿಳಿ. ಆದರೆ ನೂರು ಕಾಳಿನಲ್ಲಿ 75 ಮಾತ್ರ ಹೀಗೆ ತಾನೇ ಕಟ್ಟಿದವು, 25 ಜೇನು ತಂದ ಪರಾಗದವು ಅಂತ ಇಟ್ಟುಕೊಳ್ಳಿ. ಆ 75ರಲ್ಲಿ ಸುಮಾರು 19 ಗಿಡ ಬಿಳಿ. ಉಳಿದ 25ಕ್ಕೆ ಬಿದ್ದಿದ್ದು ನಿಮ್ಮ ಬಿಳಿ ಗಿಡಗಳ ಪರಾಗವೇ ಆದರೆ ಅದರಲ್ಲಿ ಅರ್ಧ ಬಿಳಿ, ಅಂದರೆ 12ರಿಂದ 13. ಕಾಕಾನ ಕೆಂಪಿನದೇ ಆದರೆ ಒಂದೂ ಬಿಳಿ ಇಲ್ಲ. ಒಟ್ಟಿನಲ್ಲಿ ನೂರು ಗಿಡಕ್ಕೆ 19ರಿಂದ 32ರೊಳಗೆ ಬಿಳಿ ಬರಬೇಕು. ಹೌದು, ಮೊದಲೇ ಹೇಳಬಹುದು. ಹೀಗೆ, ಇಷ್ಟರಿಂದ ಇಷ್ಟರೊಳಗೆ ಅಂತ ಹೇಳಬಹುದು. ಆದರೆ ಈ ಗಿಡ ಬಿಳಿ, ಆ ಗಿಡ ಕೆಂಪು ಅಂತ ಬೆರಳಿಟ್ಟು ತೋರಿಸಲು ಯಾರಿಂದಲೂ ಆಗುವುದಿಲ್ಲ. ಎಂಟೇ ಗಿಡ ಬೆಳೆಸಿ "ಎರಡು ಬಿಳಿ ಬರಬೇಕಿತ್ತು, ಒಂದೂ ಬರಲಿಲ್ಲ" ಅಂತ ಬೇಜಾರಾಗಬೇಡಿ. ಎಂಟು ಗಿಡದಲ್ಲಿ ಒಂದೂ ಬಿಳಿ ಬರದೇ ಇರುವ ಸಾಧ್ಯತೆ ಹತ್ತಕ್ಕೆ ಒಂದು. ಗಿಡದ ಸಂಖ್ಯೆ ಹೆಚ್ಚಿದಷ್ಟೂ ಲೆಕ್ಕ ಹತ್ತಿರ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಸಿಪ್ಪೆಯ ಬಣ್ಣಕ್ಕೆ ಎಲ್ಲ ತಳಿಯಲ್ಲೂ ಒಂದೇ ಜೀನ್ ಅಂತ ತಿಳಿಯಬೇಡಿ. ಕೆಲವು ಜೋಡಿಗಳಲ್ಲಿ ಒಂದು ಜೀನಿನ ಲೆಕ್ಕ ಸರಿಹೋಗುತ್ತದೆ, ಕೆಲವದರಲ್ಲಿ ಎರಡು, ಇನ್ನೂ ಹೆಚ್ಚು ಜೀನು ಸೇರಿರುತ್ತವೆ. ಆಗ 3:1ರ ಬದಲು 9:7ರಂಥ ಪಾಲು ಬರಬಹುದು, ನಡುವಿನ ಬಣ್ಣಗಳೂ ಕಾಣಬಹುದು. ಮುಂದಿನ ವರ್ಷದ ನಿಮ್ಮ ಎಣಿಕೆಯೇ ನಿಮ್ಮ ಹೊಲದಲ್ಲಿ ಯಾವ ಲೆಕ್ಕ ನಡೆದಿದೆ ಅಂತ ತೋರಿಸುತ್ತದೆ.

ಈಗ "ಜಾತಿ ಕೆಟ್ಟಿದೆ" ಅಂದ ಅಪ್ಪನ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಬೀಜಕ್ಕೆ ವಯಸ್ಸಾಗಿ ಗುಣ ಸವೆಯುವುದಿಲ್ಲ, ಜೀನು ಹಾಗೆ ಸವೆಯುವ ವಸ್ತುವಲ್ಲ. ಆದರೆ ವರ್ಷ ವರ್ಷ ಹೊರಗಿನ ಪರಾಗ ಸೇರುತ್ತಾ ಹೋದರೆ ಬೆರಕೆ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಕಾಳಿನ ಬಣ್ಣ ಕಣ್ಣಿಗೆ ಕಂಡಿತು, ಅದಕ್ಕೇ ನಿಮಗೆ ಗೊತ್ತಾಯಿತು. ಹೂ ಬಿಡುವ ಕಾಲ, ಗಿಡದ ಎತ್ತರ, ರೋಗ ತಡೆಯುವ ಶಕ್ತಿ, ಇವೂ ಅದೇ ಪರಾಗದಲ್ಲಿ ಬಂದಿವೆ.

ನಿಮಗೆ ಬಿಳಿ ತೊಗರಿಯೇ ಬೇಕು ಅಂದರೆ ಏನು ಮಾಡಬೇಕು? ಬಿಳಿ ದುರ್ಬಲ ಗುಣ ಆಗಿರುವುದು ಇಲ್ಲಿ ಅನುಕೂಲ. ಬಿಳಿ ಕಾಳಿನ ಗಿಡದಲ್ಲಿ 'ಕ' ಅಡಗಿರಲು ಜಾಗವೇ ಇಲ್ಲ, ಅದು 'ಬಬ'ನೇ. ತೊಂದರೆ ಅಂದರೆ, ಗಿಡ ಕೆಂಪು ಅಂತ ನಮಗೆ ಗೊತ್ತಾಗುವುದು ಕಾಯಿ ಬಲಿತ ಮೇಲೆ. ಅಷ್ಟರಲ್ಲಿ ಅದರ ಪರಾಗ ಊರೆಲ್ಲ ಹಂಚಿ ಆಗಿರುತ್ತದೆ. ಈ ವರ್ಷ ನಿಮ್ಮ 31 ಗಿಡಗಳೂ ಹಂಚಿವೆ, ಎಣಿಸದ ಸಾಲುಗಳಲ್ಲಿದ್ದವೂ ಹಂಚಿವೆ. ಹಾಗಾಗಿ ಈ ವರ್ಷದ ಬಿಳಿ ರಾಶಿಯಿಂದ ಬೀಜ ತೆಗೆದರೆ, ಎಷ್ಟೇ ಆರಿಸಿದರೂ ಮುಂದಿನ ವರ್ಷ ಕೆಂಪು ಗಿಡ ಬಂದೇ ಬರುತ್ತವೆ. ಊಟಕ್ಕೆ, ಮಾರಾಟಕ್ಕೆ ಅಡ್ಡಿಯಿಲ್ಲ. ಬೀಜಕ್ಕೆ ಅದು ಬೇಡ.

ನನ್ನ ಮೊದಲ ಸಲಹೆ, ಒಂದು ಸಲ ರೈತ ಸಂಪರ್ಕ ಕೇಂದ್ರದಿಂದ ಪ್ರಮಾಣಿತ ಬೀಜ ತನ್ನಿ, ನೀಲಿ ಚೀಟಿ ಇರುವ ಚೀಲ. ಅದನ್ನು ಹೊಲದ ನಡುವೆ, ಕಾಕಾನ ಬದುವಿನಿಂದ ಆದಷ್ಟು ದೂರ, ಒಂದು ತುಂಡಿನಲ್ಲಿ ಬಿತ್ತಿ. ಪ್ರಮಾಣಿತ ತೊಗರಿ ಬೀಜ ಬೆಳೆಯುವವರು ಬೇರೆ ತೊಗರಿಯಿಂದ ಕನಿಷ್ಠ 100 ಮೀಟರ್ ದೂರ ಬಿಡಬೇಕು ಅಂತ ನಿಯಮ. ಮೂರು ಎಕರೆಯಲ್ಲಿ ಅಷ್ಟು ಸಿಗುವುದು ಕಷ್ಟ, ನನಗೂ ಗೊತ್ತು. ಅದಕ್ಕೇ ಎಲ್ಲಕ್ಕಿಂತ ಸುಲಭದ ದಾರಿ ಕಾಕಾನ ಜೊತೆ ಮಾತಾಡುವುದು. ಇಬ್ಬರೂ ಒಂದೇ ತಳಿ ಬಿತ್ತಿದರೆ ಜೇನು ಬದು ದಾಟಿದರೂ ನಷ್ಟವಿಲ್ಲ. ಕಲಬುರಗಿ ಸುತ್ತ ಹೊಲಕ್ಕೆ ಹೊಲ ತೊಗರಿಯೇ ಇರುವಾಗ ಒಬ್ಬರೇ ಶುದ್ಧ ಬೀಜ ಉಳಿಸಿಕೊಳ್ಳುವುದು ಹೆಣಗಾಟ. ನಾಲ್ಕು ಹೊಲದವರು ಕೂಡಿದರೆ ಸಲೀಸು.

ಎರಡನೇ ದಾರಿ ಬಲೆ. ಅಪ್ಪನ ಹಳೇ ಬಿಳಿಯೇ ಬೇಕು, ಅದರ ಬೇಳೆಯ ರುಚಿಯೇ ಬೇರೆ ಅನ್ನುವುದಾದರೆ ಇದನ್ನೇ ಮಾಡಿ. ಹೂ ಬಿಡುವ ಮುಂಚೆ, ಮೊಗ್ಗು ಕಾಣುತ್ತಿದ್ದ ಹಾಗೆ, ಹದಿನೈದು ಇಪ್ಪತ್ತು ಗಿಡಕ್ಕೆ ಸೊಳ್ಳೆ ಪರದೆಯ ಬಟ್ಟೆಯಿಂದ ಚೀಲ ಹೊಲಿದು ಹಾಕಿ. ಕೋಲು ನೆಟ್ಟು ಬಟ್ಟೆ ಹೂವಿಗೆ ಉಜ್ಜದ ಹಾಗೆ ಕಟ್ಟಿ. ಆಗಲೇ ಅರಳಿದ ಹೂವಿದ್ದರೆ ಕಿತ್ತುಬಿಡಿ. ಒಳಗೆ ಕಾಯಿ ತಾನೇ ಕಟ್ಟುತ್ತದೆ, ಹೊರಗಿನಷ್ಟು ಕಟ್ಟದಿರಬಹುದು. ಕಟಾವಿನಲ್ಲಿ ಯಾವ ಗಿಡದ ಕಾಳು ಬಿಳಿಯೋ ಅದರ ಬೀಜ ಮಾತ್ರ ಇಡಿ. ಅದು ಅಪ್ಪಟ, ಸಿಪ್ಪೆಯೂ ಬಿಳಿ, ಒಳಗಿನ ಮಗುವೂ 'ಬಬ'. ಒಂದು ಅಪಾಯ ಇದೆ: ಕಾಯಿಕೊರಕ ಹುಳದ ಮೊಟ್ಟೆ ಒಳಗೆ ಉಳಿದುಬಿಟ್ಟರೆ ಹಕ್ಕಿ ಕಾಟವೂ ಇಲ್ಲದೆ ಹುಳ ಸುಖವಾಗಿ ತಿಂದು ಮುಗಿಸುತ್ತದೆ. ಬಲೆ ಹಾಕುವ ಮುಂಚೆ ಗಿಡ ಪೂರ್ತಿ ನೋಡಿ, ಆಮೇಲೂ ವಾರಕ್ಕೆರಡು ಸಲ ಇಣುಕಿ. ಎಕರೆಗೆ ನಾಲ್ಕೈದು ಕಿಲೋ ಬೀಜ ಬೇಕು, ಬಲೆಯ ಬೀಜ ಅಷ್ಟಕ್ಕೆ ಸಾಲದು. ಅದನ್ನು ಮರುವರ್ಷ ಪ್ರತ್ಯೇಕ ತುಂಡಿನಲ್ಲಿ ಹೆಚ್ಚಿಸಿಕೊಳ್ಳಬೇಕು.

ಕೆಂಪೇ ಇರಲಿ ಅಂದರೆ ಕೆಲಸ ಇನ್ನೂ ಉದ್ದ. ಮುಂದಿನ ವರ್ಷ ಬರುವ ಕೆಂಪು ಗಿಡಗಳಲ್ಲಿ 'ಕಕ' ಯಾವುದು, 'ಕಬ' ಯಾವುದು ಅಂತ ನೋಡಿದರೆ ತಿಳಿಯದು. ಬಲೆ ಹಾಕಿದ ಒಂದೊಂದು ಗಿಡದ ಬೀಜವನ್ನು ಒಂದೊಂದು ಸಾಲಾಗಿ ಬೇರೆ ಬೇರೆ ಬಿತ್ತಬೇಕು. ಸಾಲಿನಲ್ಲಿ ಒಂದೇ ಒಂದು ಬಿಳಿ ಗಿಡ ಬಂದರೂ ಆ ತಾಯಿ 'ಕಬ', ಸಾಲು ಪೂರ್ತಿ ಬಿಡಿ. ಹನ್ನೊಂದು ಗಿಡವೂ ಕೆಂಪಾದರೆ ನೂರಕ್ಕೆ 95 ಪಾಲು ಅದು 'ಕಕ' ಅಂತ ನಂಬಬಹುದು. ಹದಿನೇಳು ಗಿಡವೂ ಕೆಂಪಾದರೆ 99 ಪಾಲು. ತಳಿ ಅಭಿವೃದ್ಧಿಯಲ್ಲಿ ನಾವು ಮಾಡುವುದೂ ಇದೇ. ತಾಯಿಯ ಗುಣ ತಿಳಿಯಬೇಕಾದರೆ ಮಕ್ಕಳ ಸಾಲು ನೋಡುತ್ತೇವೆ.

ಇನ್ನು ನೀವು ಬೇರೆ ಇಟ್ಟ ಆ ಗಿಡ. ನಿಮಗೆ ಅದರ ಮೇಲೆ ಎಷ್ಟು ಆಸೆ ಇದೆ ಅಂತ ಪತ್ರದಲ್ಲೇ ಕಾಣುತ್ತದೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಆ ಗಿಡವೂ 'ಕಬ', ಅಂದರೆ ಜೇನು ಮಾಡಿದ ಹೈಬ್ರಿಡ್. ಎರಡು ಬೇರೆ ತಳಿ ಕೂಡಿದ ಮೊದಲ ತಲೆಮಾರಿಗೆ ಕಸುವು ಜಾಸ್ತಿ. ಗಿಡ ಎದ್ದು ನಿಂತಿದ್ದಕ್ಕೆ, ಕಾಳು ದಪ್ಪ ಇದ್ದಿದ್ದಕ್ಕೆ ಅದೂ ಕಾರಣ ಇರಬಹುದು. ಸುತ್ತಲಿನವು ಒಣಗಿದ್ದರಿಂದ ಜಾಗ, ನೀರು, ಬಿಸಿಲು ಇದಕ್ಕೆ ಹೆಚ್ಚು ಸಿಕ್ಕಿದ್ದೂ ಒಂದು ಕಾರಣ. ಬದುವಿನ ಪಕ್ಕದ ಗಿಡ ಯಾವಾಗಲೂ ದಷ್ಟಪುಷ್ಟ ಇರುತ್ತದಲ್ಲ, ಹಾಗೆ. ಜಾಗದಿಂದ ಬಂದ ದಪ್ಪ ಮಕ್ಕಳಿಗೆ ಹೋಗುವುದಿಲ್ಲ. ಹೈಬ್ರಿಡ್ ಕಸುವು ಮಕ್ಕಳಿಗೆ ಪೂರ್ತಿ ಹೋಗುವುದಿಲ್ಲ, ಗಿಡ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತಾ ಹೋದರೆ ಒಂದೊಂದು ತಲೆಮಾರಿಗೂ 'ಕಬ'ದಂಥ ಮಿಶ್ರ ಜೋಡಿಗಳು ಅರ್ಧಕ್ಕೆ ಇಳಿಯುತ್ತವೆ. ಕಾಳಿನ ಗಾತ್ರ, ಇಳುವರಿ ಇವಕ್ಕೆ ಒಂದೆರಡಲ್ಲ, ಹತ್ತಾರು ಜೀನುಗಳು ಸೇರುತ್ತವೆ. ಅಲ್ಲಿ ನಾಲ್ಕು ಮನೆಯ ಚೌಕ ಬರೆದು ಹೇಳುವ ಲೆಕ್ಕ ನಡೆಯುವುದಿಲ್ಲ. ಮಕ್ಕಳ ಸರಾಸರಿ ಆ ತಾಯಿಗಿಂತ ಕೆಳಗೇ ಇರುತ್ತದೆ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ನೆಟೆ ರೋಗದ ವಿಷಯ ಬೇರೆ. ಅಲ್ಲಿ ಆಸೆ ಇಟ್ಟುಕೊಳ್ಳಲು ಕಾರಣ ಇದೆ. ಕಾಕಾನ ಕೆಂಪು ತೊಗರಿ ನೆಟೆ ತಡೆಯುವ ತಳಿಯಾಗಿದ್ದರೆ ಆ ಗುಣ ಪರಾಗದ ಜೊತೆ ಬಂದಿರಬಹುದು. ಯಾವ ತಳಿ ಅಂತ ಅವರನ್ನು ಕೇಳಿ. ನೆಟೆ ತಡೆಯುವ ಗುಣ ಕೆಲವು ತಳಿಗಳಲ್ಲಿ ಒಂದೆರಡು ಜೀನಿನ ಮೇಲೆ ನಡೆಯುತ್ತದೆ, ಕೆಲವದರಲ್ಲಿ ಪ್ರಬಲ, ಕೆಲವದರಲ್ಲಿ ದುರ್ಬಲ. ಅದಕ್ಕೇ ಬೀಜ ಬಿತ್ತಿ ನೋಡುವವರೆಗೂ ಪಾಲು ಹೇಳಲಾರೆ. ಬರೀ ಅದೃಷ್ಟದಿಂದ ಆ ಗಿಡ ಉಳಿದಿರುವ ಸಾಧ್ಯತೆಯೂ ಇದೆ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಆ ಬೀಜದಲ್ಲಿ ಅರ್ಧ ಡಬ್ಬಿಯಲ್ಲಿ ಹಾಗೇ ಇಡಿ. ಉಳಿದ ಅರ್ಧವನ್ನು ಗಿಡ ಒಣಗಿದ್ದ ಅದೇ ಜಾಗದಲ್ಲಿ ಸಾಲಾಗಿ ಬಿತ್ತಿ. ಎರಡೂ ಪಕ್ಕ ನಿಮ್ಮ ಹಳೇ ಬಿಳಿ ತೊಗರಿಯ ಸಾಲು ಇರಲಿ. ಪಕ್ಕದ ಸಾಲು ಒಣಗಿ, ನಡುವಿನದರಲ್ಲಿ ಒಂದಷ್ಟು ಉಳಿದರೆ ಅದಕ್ಕೆ ಬೆಲೆ ಇದೆ. ಎರಡೂ ಉಳಿದರೆ ಆ ವರ್ಷ ರೋಗವೇ ಬರಲಿಲ್ಲ ಅಂತ ಅರ್ಥ, ಏನೂ ಸಾಬೀತಾಗಲಿಲ್ಲ. ಒಣಗಿದ ಗಿಡ ನೆಟೆಯಿಂದಲೇ ಒಣಗಿತಾ ಅಂತಲೂ ನೋಡಬೇಕು. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿರುತ್ತದೆ. ಕಾಂಡ ಸೀಳಿದರೆ ಒಳಗೆ ಕಂದು, ಕಪ್ಪು ಗೆರೆ ಇರುತ್ತದೆ. ಬೇರು ಕೊಳೆತು ಒಣಗಿದ್ದರೆ ಅದು ಬೇರೆ ರೋಗ, ಅದಕ್ಕೆ ಈ ಪರೀಕ್ಷೆ ಉತ್ತರ ಕೊಡುವುದಿಲ್ಲ.

ಉಳಿದ ಗಿಡಗಳಿಗೆ ಬಲೆ ಹಾಕಿ, ಮರುವರ್ಷ ಗಿಡಕ್ಕೊಂದು ಸಾಲು. ಹೀಗೆ ಐದಾರು ತಲೆಮಾರು ಹೋದರೆ ಗುಣ ನಿಲ್ಲುತ್ತದೆ. ತೊಗರಿ ವರ್ಷಕ್ಕೊಂದೇ ಬೆಳೆ, ಅಂದರೆ ಐದಾರು ವರ್ಷ. ಅಷ್ಟು ಕಾಯುವ ಮನಸ್ಸಿದ್ದರೆ ಮಾಡಿ. ಜೊತೆಗೆ ಒಂದಿಷ್ಟು ಬೀಜವನ್ನು ಕಲಬುರಗಿ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ. ನೆಟೆ ರೋಗವನ್ನು ಬೇಕೆಂದೇ ಬೆಳೆಸಿದ ತುಂಡು ಹೊಲಗಳಲ್ಲಿ ತಳಿಗಳನ್ನು ಪರೀಕ್ಷಿಸುವ ಪದ್ಧತಿ ಇದೆ. ಮನೆಯಲ್ಲಿ ವರ್ಷಗಟ್ಟಲೆ ಸಿಗದ ಉತ್ತರ ಅಲ್ಲಿ ಬೇಗ ಸಿಗುತ್ತದೆ. ಒಂದು ರೋಗ ತಡೆದ ಗಿಡ ಎಲ್ಲವನ್ನೂ ತಡೆಯುತ್ತದೆ ಅಂತ ಮಾತ್ರ ಎಣಿಸಬೇಡಿ. ಮಾರುತಿ ತಳಿ ನೆಟೆಗೆ ಗಟ್ಟಿ ನಿಂತಿತು, ಹೂವು ಕಾಯಿ ಇಲ್ಲದೆ ಗಿಡ ಬರಡಾಗುವ ಗೊಡ್ಡು ರೋಗಕ್ಕೆ ಸೋತಿತು. ಎರಡನ್ನೂ ತಡೆಯುವ ಆಶಾದಂಥ ತಳಿ ಬರಲು ಬೇರೆ ಬೇರೆ ಜೀನು ಒಂದೇ ಗಿಡಕ್ಕೆ ಸೇರಬೇಕಾಯಿತು. ನೀವು ಪ್ರಯೋಗ ಮಾಡುವ ವರ್ಷಗಳಲ್ಲೂ ಉಳಿದ ಹೊಲಕ್ಕೆ ಜೋಳದ ಜೊತೆ ಬೆಳೆ ಬದಲಿಸುವುದನ್ನು ಬಿಡಬೇಡಿ. ಶಿಲೀಂಧ್ರ ಮಣ್ಣಿನಲ್ಲಿ ಮೂರು ವರ್ಷದವರೆಗೂ ಬದುಕುತ್ತದೆ.

ಕೊನೆಗೆ ಹೈಬ್ರಿಡ್. ಅದರ ಕಾಳನ್ನು ಮರುವರ್ಷ ಬಿತ್ತಬಹುದು ಅಂದವರ ಮಾತು ನಂಬಬೇಡಿ. ಮೊಳಕೆ ಬರುತ್ತದೆ, ಗಿಡವೂ ಬರುತ್ತದೆ. ಆದರೆ ನಿಮ್ಮ 'ಕಬ' ಗಿಡಕ್ಕೆ ಹೇಳಿದ ಲೆಕ್ಕವೇ ಅಲ್ಲಿ ಎಲ್ಲ ಗುಣಕ್ಕೂ ನಡೆಯುತ್ತದೆ. ಎತ್ತರದಲ್ಲಿ ಹೆಚ್ಚುಕಡಿಮೆ, ಹೂವು ಒಂದೊಂದು ಒಂದೊಂದು ಹೊತ್ತಿಗೆ, ಕಟಾವು ಒಟ್ಟಿಗೆ ಬರದು. ತೊಗರಿ ಹೈಬ್ರಿಡ್‌ಗೆ ಇನ್ನೊಂದು ತೊಡಕೂ ಇದೆ. 1991ರಲ್ಲಿ ಬಂದ ಮೊದಲ ತೊಗರಿ ಹೈಬ್ರಿಡ್ ಐಸಿಪಿಎಚ್-8ರ ಕಥೆ ಕೇಳಿ. ತನ್ನ ಪರಾಗದಿಂದ ತಾನೇ ಕಾಳು ಕಟ್ಟದಿರಲಿ ಅಂತ ಅದರ ತಾಯಿ ಸಾಲಿನಲ್ಲಿ ಪರಾಗವಿಲ್ಲದ ಗಿಡ ಬೇಕಿತ್ತು. ಆ ಗುಣ ದುರ್ಬಲ ಜೀನಿನದು. ಅದನ್ನು ಉಳಿಸಲು ಮಿಶ್ರ ಗಿಡದ ಜೊತೆ ಕೂಡಿಸಿದರೆ ಪ್ರತಿ ಸಲವೂ ಅರ್ಧ ಗಿಡ ಪರಾಗವಿಲ್ಲದವು, ಅರ್ಧ ಪರಾಗ ಇರುವವು. ಲೆಕ್ಕ ಮೊದಲೇ ಗೊತ್ತಿತ್ತು, 1:1. ಆದರೆ ಯಾವ ಗಿಡ ಯಾವುದು ಅಂತ ಹೂ ಬಂದ ಮೇಲೇ ತಿಳಿಯುವುದು. ಆಳು ಹಚ್ಚಿ ಒಂದೊಂದೇ ಹೂವು ನೋಡಿ ಅರ್ಧ ಗಿಡ ಕೀಳಬೇಕಿತ್ತು. ಬೀಜೋತ್ಪಾದನೆಯ ಖರ್ಚೇ ಆ ಹೈಬ್ರಿಡ್ ಹರಡದಂತೆ ಮಾಡಿತು. ಆಮೇಲೆ ಬೇರೆ ವಿಧಾನದಿಂದ ಐಸಿಪಿಎಚ್-2671ರಂಥವು ಬಂದವು. ಅವುಗಳ ಕಾಳು ಮತ್ತೆ ಬಿತ್ತಿದರೆ ಒಂದಷ್ಟು ಗಿಡಕ್ಕೆ ಪರಾಗವೇ ಇರುವುದಿಲ್ಲ, ಜೇನು ಬಂದರಷ್ಟೇ ಕಾಯಿ. ಹೈಬ್ರಿಡ್ ಬೆಳೆಯುವುದಾದರೆ ಪ್ರತಿ ವರ್ಷ ಹೊಸ ಬೀಜದ ದುಡ್ಡು ಲೆಕ್ಕಕ್ಕೆ ಹಿಡಿದೇ ಬೆಳೆಯಿರಿ.

ಸ್ವಂತ ಬೀಜ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇದೆಯಾ ಅಂತ ನೀವು ಕೇಳಿಲ್ಲ, ಬಹಳ ಜನ ಕೇಳುತ್ತಾರೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಮ್ಮ ಬೀಜ ಉಳಿಸಬಹುದು, ಬಿತ್ತಬಹುದು, ಬದಲಿಸಿಕೊಳ್ಳಬಹುದು, ಮಾರಲೂಬಹುದು. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ರೈತರೇ ಬೆಳೆಸಿದ ತಳಿಯನ್ನು ಅವರ ಹೆಸರಿನಲ್ಲಿ ನೋಂದಾಯಿಸಲೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ನಿಮ್ಮ ಗಿಡದ ಮಕ್ಕಳು ನೆಟೆ ಹೊಲದಲ್ಲಿ ನಿಂತರೆ ಆ ಮಾತು ಆಮೇಲೆ ಆಡೋಣ. ಸದ್ಯಕ್ಕೆ ಪ್ರತಿ ಗಿಡದ ಬೀಜ ಬೇರೆ ಪೊಟ್ಟಣ, ಪೊಟ್ಟಣದ ಮೇಲೆ ಸಾಲಿನ ಸಂಖ್ಯೆ, ಗಿಡದ ಸಂಖ್ಯೆ, ಕಾಳಿನ ಬಣ್ಣ, ಬಲೆ ಹಾಕಿತ್ತಾ ಇಲ್ಲವಾ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಶಾಯಿ ಕಣಜದ ತೇವಕ್ಕೆ ಅಳಿಸಿಹೋಗುತ್ತದೆ.